ಪತ್ತೆಯ ವಿಜ್ಞಾನಕ್ಕೆ ಸರ್ಕಾರದ ದುಡ್ಡು: ನಾಲ್ಕು ವರ್ಷದ ಓಡಾಟ

ಕಳೆದ ಮಂಗಳವಾರ ಬೆಳಿಗ್ಗೆ ಎರಡು ಸಾಲಿನ ಒಂದು ಮೇಲ್ ಬಂತು. ನಮ್ಮ ಯೋಜನೆಯ ಕೊನೆಯ ಬಳಕೆ ಪ್ರಮಾಣಪತ್ರ (ಹಣ ಹೇಗೆ ಖರ್ಚಾಯಿತು ಎಂಬ ಲೆಕ್ಕ) ಸ್ವೀಕಾರವಾಗಿದೆ, ಖಾತೆ ಮುಗಿದಿದೆ ಎಂದು. ಓದಿ, ಲ್ಯಾಬಿನ ಹೊರಗಿನ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಸುಮ್ನೆ ಕೂತೆ. 2021ರ ನವೆಂಬರ್‌ನಲ್ಲಿ ಹಿಡಿದ ಕೆಲಸ ಅದು.

ನಾನು ಕರಾವಳಿಯ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತೇನೆ. ನಾವು ದುಡ್ಡು ಕೇಳಿದ್ದು ನ್ಯೂಕ್ಲಿಯರ್ ಫೊರೆನ್ಸಿಕ್ಸ್ ಸಂಶೋಧನೆಗೆ. ಹೆಸರು ದೊಡ್ಡದು, ವಿಷಯ ಸರಳ. ಎಲ್ಲೋ ವಾರಸುದಾರರಿಲ್ಲದ ಒಂದು ವಿಕಿರಣ ವಸ್ತು ಸಿಗುತ್ತದೆ. ಅದು ಏನು, ಎಲ್ಲಿ ಹುಟ್ಟಿತು, ಯಾರ ಕೈಯಿಂದ ತಪ್ಪಿತು ಎಂದು ಆ ವಸ್ತುವನ್ನೇ ಕೇಳಿ ತಿಳಿಯುವ ವಿದ್ಯೆ ಇದು. ಈ ತಿಂಗಳು ಇಬ್ಬರು ಕಿರಿಯ ಅಧ್ಯಾಪಕರು ಫೋನ್ ಮಾಡಿ, ಇಂಥ ಯೋಜನೆಗೆ ಅರ್ಜಿ ಹಾಕುವುದು ಹೇಗೆ ಎಂದು ಕೇಳಿದರು. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಾನು ಅರ್ಜಿ ಹಾಕಿದ್ದು ಯಾವ ಯೋಜನೆಗೆ ಎಂದು ಹೆಸರಿಸುವುದಿಲ್ಲ. ಕೇಂದ್ರ ಸರ್ಕಾರದ ಹಣ ಬರುವ ದಾರಿ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ.

ನನಗೆ ಈ ಹುಚ್ಚು ಹಿಡಿಸಿದ್ದು ಮಾಯಾಪುರಿ. 2010ರ ಏಪ್ರಿಲ್‌ನಲ್ಲಿ ದೆಹಲಿಯ ಮಾಯಾಪುರಿ ಗುಜರಿ ಮಾರುಕಟ್ಟೆಯಲ್ಲಿ ಕೆಲವರ ಮೈ ಕಪ್ಪಾಯಿತು, ಕೂದಲು ಉದುರಿತು. ಅವರು ಬಿಚ್ಚಿದ ಕಬ್ಬಿಣದ ಒಳಗೆ ಕೋಬಾಲ್ಟ್-60 ಎಂಬ ವಿಕಿರಣ ವಸ್ತು ಇತ್ತು. ಒಬ್ಬರು ಸತ್ತರು. ಜಾಡು ಹಿಡಿದು ಹೋದಾಗ ಅದು ದೆಹಲಿ ವಿಶ್ವವಿದ್ಯಾಲಯದ ಹಳೆಯ ಗಾಮಾ ಸೆಲ್ ಎಂದು ಗೊತ್ತಾಯಿತು. ಸಂಶೋಧನೆಗೆ ವಿಕಿರಣ ಹಾಯಿಸುವ, 1985ರಿಂದ ಯಾರೂ ಬಳಸದ ಯಂತ್ರ. 2010ರ ಫೆಬ್ರವರಿಯಲ್ಲಿ ಹರಾಜಿನಲ್ಲಿ ಗುಜರಿಗೆ ಹೋಗಿತ್ತು. ಆಗ ನಾನು ಎಂ.ಎಸ್ಸಿ. ವಿದ್ಯಾರ್ಥಿ. ಕೋಬಾಲ್ಟ್‌ನ 1173 ಮತ್ತು 1332 ಕೆಇವಿ ಗೆರೆಗಳನ್ನು ಪ್ರತಿ ವಾರ ಅಳೆಯುತ್ತಿದ್ದೆ. ಗೆರೆ ಎಂದರೆ ವಸ್ತು ಹೊರಬಿಡುವ ಗಾಮಾ ಕಿರಣದ ಗುರುತು, ಕೆಇವಿ ಅದರ ಶಕ್ತಿಯ ಅಳತೆ. ಅದೇ ಎರಡು ಗೆರೆ ಒಬ್ಬ ಕೂಲಿಯವನ ಜೀವ ತೆಗೆದಿತ್ತು. ಅದು ತಲೆಯಿಂದ ಹೋಗಲೇ ಇಲ್ಲ.

ನಮ್ಮ ಯೋಚನೆ ಇಷ್ಟು. ದೊಡ್ಡ ಪರೀಕ್ಷೆಗಳು ಮುಂಬೈನ ಟ್ರಾಂಬೆಯ ಅಣು ಸಂಶೋಧನಾ ಕೇಂದ್ರದಂಥ ಜಾಗದಲ್ಲಿ ನಡೆಯಲಿ. ಆದರೆ ಮೊದಲ ದಿನ, ಜಿಲ್ಲಾ ಕೇಂದ್ರದಲ್ಲಿ, ಇದು ಆಸ್ಪತ್ರೆಯ ವಸ್ತುವೋ ಕಾರ್ಖಾನೆಯದೋ, ಅದಿರೋ ಶುದ್ಧ ಮಾಡಿದ ಯುರೇನಿಯಮ್ಮೋ ಎಂದು ಹೇಳಬಲ್ಲ ಒಂದು ಲ್ಯಾಬ್ ಬೇಕು. ಅದಕ್ಕೆ ಬೇಕಾದ ಮುಖ್ಯ ಉಪಕರಣ, ಈ ಗಾಮಾ ಗೆರೆಗಳನ್ನು ಬಿಡಿಬಿಡಿಯಾಗಿ ತೋರಿಸುವ ಒಂದು ಜರ್ಮೇನಿಯಂ ಡಿಟೆಕ್ಟರ್. ನನ್ನ ಜೊತೆ ಎಲೆಕ್ಟ್ರಾನಿಕ್ಸ್ ವಿಭಾಗದ ಗೆಳೆಯರೊಬ್ಬರೂ ಸೇರಿದರು. ವಿಕಿರಣ ವಸ್ತು ಇಡುವ ಕೋಣೆ, ಬೇಲಿಗಳಿಗೆ ಕಂಪನ ಹಿಡಿಯುವ ಅಗ್ಗದ ಸೆನ್ಸರ್ ಮಾಡುವುದು ಅವರ ಭಾಗ. ಭೌತಿಕ ಭದ್ರತೆ ಎನ್ನುತ್ತಾರಲ್ಲ, ಅದು. ಎರಡೂ ಒಂದೇ ಅರ್ಜಿಯಲ್ಲಿ ಹೋಯಿತು. ಇದು ನಮ್ಮ ಮೊದಲ ತಪ್ಪು.

ಅಣುಶಕ್ತಿ ಇಲಾಖೆಯ ಕೆಳಗೆ ಬಿಆರ್‌ಎನ್‌ಎಸ್ ಇದೆ. ಹೊರಗಿನ ಕಾಲೇಜು, ವಿಶ್ವವಿದ್ಯಾಲಯಗಳ ಸಂಶೋಧನೆಗೆ ಅನುದಾನ ಕೊಡುವ ಮಂಡಳಿ. ಅಲ್ಲಿ ಇಲಾಖೆಯ ವಿಜ್ಞಾನಿಯೊಬ್ಬರು ಜೊತೆಗಾರರಾಗಿ ಇರಬೇಕು. ಬೇರೆ ಕಡೆ ಇದು ಕಡ್ಡಾಯ ಅಲ್ಲದಿದ್ದರೂ ಈ ವಿಷಯದಲ್ಲಿ ಜೊತೆಗಾರರಿಲ್ಲದೆ ಹೆಜ್ಜೆ ಇಡಬೇಡಿ. ನನಗೆ ಅವರು ಸಿಕ್ಕಿದ್ದು ಒಂದು ಸಮ್ಮೇಳನದ ಊಟದ ಸಾಲಿನಲ್ಲಿ. ಆರು ಮೇಲ್‌ಗಳಿಗೆ ಬರದ ಉತ್ತರ ಹತ್ತು ನಿಮಿಷದ ಮಾತಿನಲ್ಲಿ ಬಂತು. ಕರ್ನಾಟಕದವರಿಗೆ ಇನ್ನೊಂದು ಅನುಕೂಲ ಇದೆ. ಮಂಗಳೂರು ವಿಶ್ವವಿದ್ಯಾಲಯದಲ್ಲಿ ಪರಿಸರ ವಿಕಿರಣದ ಅಧ್ಯಯನಕ್ಕೆಂದೇ ಒಂದು ಕೇಂದ್ರ ಇದೆ. ಕೈಗಾದ ಸುತ್ತ, ಉಳ್ಳಾಲದ, ಸಹಜವಾಗಿಯೇ ವಿಕಿರಣ ಇರುವ ಮೊನಜೈಟ್ ಮರಳಿನ ಮೇಲೆ ದಶಕಗಳಿಂದ ಕೆಲಸ ನಡೆದಿದೆ. ಅರ್ಜಿ ಬರೆಯುವ ಮೊದಲು ಆ ಕೆಲಸವನ್ನೆಲ್ಲ ಓದಿ. ನಿಮ್ಮ ಜಾಗದಲ್ಲಿ ಸಹಜವಾಗಿ ಇರುವ ಹಿನ್ನೆಲೆ ವಿಕಿರಣ ಎಷ್ಟು ಎಂಬ ಪ್ರಶ್ನೆ ಖಂಡಿತ ಬರುತ್ತದೆ.

2022ರ ಫೆಬ್ರವರಿಯಲ್ಲಿ ಅರ್ಜಿ ಸಲ್ಲಿಸಿದೆವು. ಪ್ರಿನ್ಸಿಪಾಲರ ಒಪ್ಪಿಗೆ ಪತ್ರ, ಜೊತೆಗಾರರ ಸಂಸ್ಥೆಯ ಒಪ್ಪಿಗೆ, ಇದೇ ವಿಷಯಕ್ಕೆ ಬೇರೆ ಕಡೆ ದುಡ್ಡು ಪಡೆದಿಲ್ಲ ಎಂಬ ಘೋಷಣೆ, ಮೂರು ಕೊಟೇಶನ್, ಬ್ಯಾಂಕ್ ವಿವರ, ಪಿಎಫ್‌ಎಂಎಸ್ ನೋಂದಣಿ. ಪಿಎಫ್‌ಎಂಎಸ್ ಎಂದರೆ ಕೇಂದ್ರದ ಹಣ ಎಲ್ಲಿ ಹೋಗುತ್ತದೆ ಎಂದು ನೋಡುವ ವ್ಯವಸ್ಥೆ. ನಮ್ಮ ಕಾಲೇಜಿನ ಹೆಸರು ಅಲ್ಲಿ ಒಂದು ಥರ, ಪ್ಯಾನ್‌ನಲ್ಲಿ ಇನ್ನೊಂದು ಥರ ಇತ್ತು. ಒಂದರಲ್ಲಿ ಊರಿನ ಹೆಸರಿದೆ, ಇನ್ನೊಂದರಲ್ಲಿ ಇಲ್ಲ. ಅದನ್ನು ಸರಿ ಮಾಡಿಸಲು ಐದು ವಾರ ಹಿಡಿಯಿತು. ಅರ್ಜಿ ಬರೆಯುವ ಮೊದಲೇ ಇದನ್ನು ನೋಡಿಕೊಳ್ಳಿ.

ಆಮೇಲೆ ಕಾಯುವುದು. ಏಳು ತಿಂಗಳಾದ ಮೇಲೆ ವಿಮರ್ಶಕರ ಪ್ರಶ್ನೆಗಳು ಬಂದವು, ಒಟ್ಟು ಹದಿನಾಲ್ಕು. ಅದರಲ್ಲಿ ಒಂದು ನನ್ನ ನಿದ್ದೆ ಕೆಡಿಸಿತು. ಯುರೇನಿಯಂ-235 (ಅಣು ಇಂಧನಕ್ಕೆ ಬೇಕಾದ ರೂಪ) ತೋರಿಸುವ ಮುಖ್ಯ ಗೆರೆ 185.7 ಕೆಇವಿಯಲ್ಲಿದೆ. ರೇಡಿಯಂ-226ರ ಗೆರೆ 186.2ರಲ್ಲಿ. ಜರ್ಮೇನಿಯಂ ಡಿಟೆಕ್ಟರ್ ಕೂಡ ಇವೆರಡನ್ನು ಬಿಡಿಸಿ ತೋರಿಸಲಾರದು. ಅದಿರಿನಲ್ಲಿ ಎರಡೂ ಇರುತ್ತವೆ. ಹಾಗಾದರೆ ನೀವು ಹೇಗೆ ಲೆಕ್ಕ ಹಾಕುತ್ತೀರಿ? ನಾನು ಅರ್ಜಿಯಲ್ಲಿ ಇದರ ಬಗ್ಗೆ ಒಂದು ಸಾಲೂ ಬರೆದಿರಲಿಲ್ಲ.

ಉತ್ತರ ಹುಡುಕುತ್ತಾ ಕೂತಾಗ ನಮ್ಮ ಇಡೀ ಯೋಜನೆ ಗಟ್ಟಿಯಾಯಿತು. ಅದಿರಿನಲ್ಲಿ ರೇಡಿಯಂ ಇದ್ದರೆ ಅದು ಕ್ಷಯಿಸುತ್ತಾ ಹುಟ್ಟಿಸುವ ಮಗು ಬಿಸ್ಮತ್-214 ಕೂಡ ಇರುತ್ತದೆ, 609 ಕೆಇವಿಯಲ್ಲಿ ಎದ್ದು ಕಾಣುತ್ತದೆ. ಆ ಗೆರೆಯಿಂದ ರೇಡಿಯಂನ ಪಾಲು ಲೆಕ್ಕ ಹಾಕಿ ಕಳೆಯಬಹುದು. ಇನ್ನೂ ಮುಖ್ಯವಾದ ಮಾತು: ಯುರೇನಿಯಂ ಅನ್ನು ಕಾರ್ಖಾನೆಯಲ್ಲಿ ಶುದ್ಧ ಮಾಡಿದರೆ ರೇಡಿಯಂ ಬೇರೆಯಾಗಿ ಹೋಗುತ್ತದೆ, 609 ಕಾಣುವುದೇ ಇಲ್ಲ. ಆದರೆ ಯುರೇನಿಯಂನ ಬಹುಪಾಲು ಆಗಿರುವ ಯುರೇನಿಯಂ-238ರ ಹತ್ತಿರದ ಮಕ್ಕಳು ಕೆಲವೇ ತಿಂಗಳಲ್ಲಿ ಮತ್ತೆ ಬೆಳೆಯುತ್ತವೆ, 1001 ಕೆಇವಿ ಗೆರೆ ವಾಪಸ್ ಬರುತ್ತದೆ. 1001 ಇದೆ, 609 ಇಲ್ಲ ಎಂದರೆ ಆ ವಸ್ತು ಮನುಷ್ಯನ ಕೈ ದಾಟಿ ಬಂದಿದೆ ಎಂದರ್ಥ. ಜಿಲ್ಲಾ ಮಟ್ಟದ ಲ್ಯಾಬ್‌ಗೆ ಇದಕ್ಕಿಂತ ಬೆಲೆಯುಳ್ಳ ಮೊದಲ ಉತ್ತರ ಯಾವುದಿದೆ? ಪ್ರಶ್ನೆ ಕೇಳಿದ ಆ ವಿಮರ್ಶಕರು ಯಾರೋ ಗೊತ್ತಿಲ್ಲ. ಅವರಿಗೆ ನಾನು ಋಣಿ.

2023ರ ಮಾರ್ಚ್‌ನಲ್ಲಿ ಸಮಿತಿಯ ಮುಂದೆ ಹದಿನೈದು ನಿಮಿಷ ಮಾತಾಡಲು ಮುಂಬೈಗೆ ಹೋದೆ. ಪ್ರಯಾಣದ ಖರ್ಚು ನನ್ನ ಕೈಯಿಂದಲೇ. ಗೆರೆಗಳ ಪ್ರಶ್ನೆಗೆ ಚೆನ್ನಾಗಿ ಉತ್ತರ ಕೊಟ್ಟೆ. ಆಮೇಲೆ ಒಬ್ಬರು ಹಿರಿಯರು ಕೇಳಿದರು: "ಸ್ಯಾಂಪಲ್ ನಿಮ್ಮ ಕೈಗೆ ಬಂದ ಗಳಿಗೆಯಿಂದ ನ್ಯಾಯಾಲಯಕ್ಕೆ ಹೋಗುವವರೆಗೆ ಅದು ಯಾರ ಕೈಯಲ್ಲಿತ್ತು ಎಂದು ತೋರಿಸುವ ಪುಸ್ತಕ ಎಲ್ಲಿದೆ?" ನನ್ನಲ್ಲಿ ಉತ್ತರ ಇರಲಿಲ್ಲ. ಫೊರೆನ್ಸಿಕ್ಸ್ ಎಂಬ ಹೆಸರು ಇಟ್ಟುಕೊಂಡು ಬಂದಿದ್ದೆ, ಸಾಕ್ಷ್ಯದ ಬಗ್ಗೆ ಯೋಚಿಸಿರಲಿಲ್ಲ. ಬರೀ ಅಳತೆಯ ಬಗ್ಗೆ ಯೋಚಿಸಿದ್ದೆ. ವಾಪಸ್ ಬಂದ ಮೇಲೆ ಬೆಂಗಳೂರಿನ ಮಡಿವಾಳದ ರಾಜ್ಯ ವಿಧಿವಿಜ್ಞಾನ ಪ್ರಯೋಗಾಲಯದಲ್ಲಿ ಕೆಲಸ ಮಾಡಿ ನಿವೃತ್ತರಾದ ಒಬ್ಬರ ಹತ್ತಿರ ಕೂತು ಕಲಿತೆ. ಸೀಲು, ತೂಕ, ಸಮಯ, ಎರಡು ಸಹಿ. ಸ್ಯಾಂಪಲ್ ಕೈ ಬದಲಿಸಿದಾಗಲೆಲ್ಲ ಹೊಸ ಸಾಲು. ನೀವು ಅರ್ಜಿ ಬರೆಯುವಾಗ ಈ ರಿಜಿಸ್ಟರಿನ ಒಂದು ಮಾದರಿ ಪುಟವನ್ನು ಜೊತೆಗೆ ಇಡಿ.

ಭೌತಿಕ ಭದ್ರತೆಯ ಭಾಗವನ್ನು ಸಮಿತಿ ಬೇರ್ಪಡಿಸಿತು. ಎರಡು ವಿಷಯಕ್ಕೆ ಇಬ್ಬರು ಬೇರೆ ತಜ್ಞರು ಬೇಕು, ಎರಡನೆಯದನ್ನು ಬೇರೆ ಅರ್ಜಿಯಾಗಿ ತನ್ನಿ ಎಂದಿತು. ಗೆಳೆಯರಿಗೆ ಫೋನಿನಲ್ಲಿ ಹೇಳುವಾಗ ಬಹಳ ಬೇಜಾರಾಯಿತು. ಅವರಿಗೆ ಅಲ್ಲಿ ಬಂದ ಟೀಕೆ ಮಾತ್ರ ಉಪಯೋಗಕ್ಕೆ ಬಂತು. ಭದ್ರತೆಯಲ್ಲಿ ಮೂರು ಕೆಲಸ: ಕಳ್ಳ ಬಂದದ್ದು ಗೊತ್ತಾಗಬೇಕು, ಅವನನ್ನು ತಡೆಹಿಡಿಯಬೇಕು, ಪೊಲೀಸರು ತಲುಪಬೇಕು. ಗೊತ್ತಾದ ಮೇಲೆ ಇರುವ ತಡೆ ಮಾತ್ರ ಲೆಕ್ಕಕ್ಕೆ ಬರುತ್ತದೆ. ಸೆನ್ಸರ್ ಒಳಗಿನ ಬಾಗಿಲಿನಲ್ಲಿದ್ದರೆ ಹೊರಗಿನ ದಪ್ಪ ಬೇಲಿ ಇದ್ದೂ ಇಲ್ಲದಂತೆ, ಯಾಕೆಂದರೆ ಅದನ್ನು ಕತ್ತರಿಸುವಾಗ ಯಾರಿಗೂ ಗೊತ್ತಾಗಿರುವುದಿಲ್ಲ. ಗೆಳೆಯರು ತಮ್ಮ ವಿನ್ಯಾಸವನ್ನೇ ತಿರುಗಿಸಿ ಬರೆದರು. ಈ ಕಡೆ ಹೋಗುವವರು ಒಂದು ವಿಷಯ ಮೊದಲೇ ಮಾತಾಡಿಕೊಳ್ಳಿ. ನಿಜವಾದ ಜಾಗದ ದೌರ್ಬಲ್ಯ ತೋರಿಸುವ ಯಾವುದನ್ನೂ ಪ್ರಕಟಿಸಲು ಬಿಡುವುದಿಲ್ಲ, ಬಿಡಲೂ ಬಾರದು. ಪಿಎಚ್‌.ಡಿ. ವಿದ್ಯಾರ್ಥಿ ಇದ್ದರೆ ಪ್ರಬಂಧದಲ್ಲಿ ಯಾವುದು ಬರಬಹುದು ಎಂದು ಬರವಣಿಗೆಯಲ್ಲಿ ಪಡೆದುಕೊಳ್ಳಿ.

ಮಂಜೂರಾತಿ ಪತ್ರ ಬಂದದ್ದು 2023ರ ಸೆಪ್ಟೆಂಬರ್‌ನಲ್ಲಿ. ಗೌರಿ ಹಬ್ಬದ ಹಿಂದಿನ ದಿನ. ಮನೆಯಲ್ಲಿ ಹೋಳಿಗೆ ಮಾಡಿದ್ದು ಹಬ್ಬಕ್ಕೋ ಪತ್ರಕ್ಕೋ ಎಂದು ಮಗಳು ಕೇಳಿದಳು. ಆ ಸಂತೋಷ ಸರಿಯಾಗಿ ಒಂದು ವಾರ ಇತ್ತು.

ನಾವು ಬಜೆಟ್ ಬರೆದದ್ದು 2022ರ ಫೆಬ್ರವರಿಯಲ್ಲಿ. ಆಗ ಸಂಶೋಧನಾ ಸಂಸ್ಥೆಗಳು ಕೊಳ್ಳುವ ವೈಜ್ಞಾನಿಕ ಉಪಕರಣಕ್ಕೆ ಶೇ. 5ರ ರಿಯಾಯಿತಿ ಜಿಎಸ್‌ಟಿ ಇತ್ತು. ಅದೇ ವರ್ಷ ಜುಲೈನಲ್ಲಿ ಆ ರಿಯಾಯಿತಿ ಹೋಯಿತು, ಶೇ. 18 ಆಯಿತು. ನಮ್ಮ ಡಿಟೆಕ್ಟರ್‌ನ ಬೆಲೆ 41 ಲಕ್ಷ. ತೆರಿಗೆಯಲ್ಲೇ 5 ಲಕ್ಷದ 33 ಸಾವಿರ ಜಾಸ್ತಿ. ಮಂಜೂರಾದದ್ದು ಹಳೆಯ ಲೆಕ್ಕ. ಸೀಸದ ಕವಚದ ದಪ್ಪ ಕಡಿಮೆ ಮಾಡುವುದೇ, ಸಾಫ್ಟ್‌ವೇರ್ ಬಿಡುವುದೇ ಎಂದು ಎರಡು ವಾರ ಒದ್ದಾಡಿದೆವು. ಕೊನೆಗೆ ಪ್ರಯಾಣ ಮತ್ತು ಇತರ ವೆಚ್ಚದ ಲೆಕ್ಕಶೀರ್ಷಿಕೆಗಳಿಂದ ಹಣ ಬದಲಿಸಲು ಅನುಮತಿ ಕೇಳಿದೆವು, ಸಿಕ್ಕಿತು. ಅರ್ಜಿಗೂ ಖರೀದಿಗೂ ನಡುವೆ ಎರಡು ವರ್ಷ ಇರುತ್ತದೆ ಎಂದೇ ತಿಳಿದು ಬಜೆಟ್ ಬರೆಯಿರಿ.

ಸಂಶೋಧನಾ ವಿದ್ಯಾರ್ಥಿಯ ವೇತನದ್ದೂ ಇದೇ ಕಥೆ. ನಾವು ಬರೆದದ್ದು ತಿಂಗಳಿಗೆ 31,000. 2023ರ ಜನವರಿ 1ರಿಂದ ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಶಿಪ್) ಮೊತ್ತ 37,000 ಆಗಿತ್ತು. ವ್ಯತ್ಯಾಸ ಕೊಡುವ ಆದೇಶ ಬರಬೇಕು, ಅಲ್ಲಿಯವರೆಗೆ ಹಳೆಯದನ್ನಾದರೂ ಕೊಡಿ ಎಂದರೆ ನಮ್ಮ ಲೆಕ್ಕಪತ್ರ ವಿಭಾಗ ಒಪ್ಪಲಿಲ್ಲ. ಕೆಲಸಕ್ಕೆ ಸೇರಿದ ಹುಡುಗಿಗೆ ಆರು ತಿಂಗಳು ಒಂದು ರೂಪಾಯಿ ಬರಲಿಲ್ಲ. ಅವಳು ಸಂಜೆ ಟ್ಯೂಷನ್ ಹೇಳಿ ಹಾಸ್ಟೆಲ್ ಶುಲ್ಕ ಕಟ್ಟಿದಳು. ನನಗೆ ಹೇಳಲೇ ಇಲ್ಲ. ಬೇರೆಯವರಿಂದ ಗೊತ್ತಾದ ದಿನ ನನಗೆ ಊಟ ಸೇರಲಿಲ್ಲ. ನಾನೂ ಗೆಳೆಯರೂ ಸೇರಿ ಸಾಲದ ರೂಪದಲ್ಲಿ ಕೊಟ್ಟೆವು, ಬಾಕಿ ಬಂದಾಗ ಅವಳು ತೀರಿಸಿದಳು. ದಯವಿಟ್ಟು ಇದನ್ನು ಮಾಡಿ: ವಿದ್ಯಾರ್ಥಿಯನ್ನು ತೆಗೆದುಕೊಳ್ಳುವ ಮೊದಲೇ, ಅನುದಾನ ತಡವಾದರೆ ಕಾಲೇಜು ಮುಂಗಡ ಕೊಡುತ್ತದೆ ಎಂದು ಪ್ರಿನ್ಸಿಪಾಲರಿಂದ ಬರೆಸಿಕೊಳ್ಳಿ. ಸಂದರ್ಶನದ ದಿನವೇ ಅವರಿಗೂ ನಿಜ ಹೇಳಿ.

ಹಣ ಬಂದದ್ದು ಡಿಸೆಂಬರ್‌ನಲ್ಲಿ. ಬಂತು ಅನ್ನುವುದಕ್ಕಿಂತ, ಶೂನ್ಯ ಶಿಲ್ಕಿನ ಖಾತೆಯಲ್ಲಿ ಇಷ್ಟು ಖರ್ಚು ಮಾಡಬಹುದು ಎಂಬ ಮಿತಿ ಕಾಣಿಸಿತು. ಮಾರ್ಚ್ 31ಕ್ಕೆ ಖರ್ಚಾಗದೆ ಉಳಿದ ಮಿತಿ ವಾಪಸ್ ಹೋಗುತ್ತದೆ. ಜರ್ಮೇನಿಯಂ ಡಿಟೆಕ್ಟರ್ ಹೊರದೇಶದ್ದು. ಮೊದಲು ಸರ್ಕಾರಿ ಖರೀದಿಯ ಜೆಮ್ ಪೋರ್ಟಲ್‌ನಲ್ಲಿ ಆ ವಸ್ತು ಸಿಗುವುದಿಲ್ಲ ಎಂಬ ವರದಿ ತೆಗೆಯಬೇಕಿತ್ತು. 200 ಕೋಟಿಗಿಂತ ಕಡಿಮೆಯ ಖರೀದಿಗೆ ಜಾಗತಿಕ ಟೆಂಡರ್ ಕರೆಯಬಾರದು ಎಂಬ ನಿಯಮ 2020ರಿಂದ ಇತ್ತು, ಅದಕ್ಕೆ ವಿನಾಯಿತಿ ಬೇಕಿತ್ತು. ದೇಶೀ ಟೆಂಡರ್ ಎಂದರೆ ವಸ್ತುವಿನ ಎಷ್ಟು ಪಾಲು ದೇಶದಲ್ಲೇ ತಯಾರಾಗಿದೆ ಎಂಬ ಪ್ರಮಾಣಪತ್ರ ಬೇಕು, ಅದನ್ನು ಪ್ರಾಮಾಣಿಕವಾಗಿ ಕೊಡುವವರು ಯಾರೂ ಇರಲಿಲ್ಲ. ಮೂರೂವರೆ ತಿಂಗಳಲ್ಲಿ ಇದಾಗುವುದಿಲ್ಲ. ಮಾರ್ಚ್ 31ರ ರಾತ್ರಿ ಪರದೆಯ ಮೇಲೆ ನಮ್ಮ ಮಿತಿ ಸೊನ್ನೆಯಾಗುವುದನ್ನು ನಾನು ಕೂತು ನೋಡಿದೆ. ಹೊಸ ವರ್ಷದಲ್ಲಿ ಅದನ್ನು ಮತ್ತೆ ಕೇಳಬೇಕಾಯಿತು. ಮುಂದಿನವರಿಗೆ ಒಂದು ಒಳ್ಳೆ ಸುದ್ದಿ: 2025ರ ಜೂನ್‌ನಲ್ಲಿ ಸಂಶೋಧನಾ ಖರೀದಿಯ ನಿಯಮ ಸಡಿಲವಾಗಿದೆ. ಜಾಗತಿಕ ಟೆಂಡರಿಗೆ ಅನುಮತಿ ಕೊಡುವ ಅಧಿಕಾರ ಕುಲಪತಿಗಳಿಗೂ ಸಂಶೋಧನಾ ಸಂಸ್ಥೆಗಳ ನಿರ್ದೇಶಕರಿಗೂ ಸಿಕ್ಕಿದೆ. ನಮಗೆ ಅದು ತಡವಾಯಿತು.

ಟೆಂಡರ್ ನಡೆಯುವಾಗ ಇನ್ನೊಂದು ತಲೆನೋವು. ಡಿಟೆಕ್ಟರ್ ಸುತ್ತ ಹತ್ತು ಸೆಂಟಿಮೀಟರ್ ದಪ್ಪದ ಸೀಸದ ಗೋಡೆ ಬೇಕು. ಒಟ್ಟು ತೂಕ ಒಂದು ಟನ್‌ಗಿಂತ ಮೇಲೆ, ಅದೂ ಒಂದು ಮೇಜಿನಷ್ಟು ಜಾಗದಲ್ಲಿ. ನಮ್ಮ ಲ್ಯಾಬ್ ಮೊದಲ ಮಹಡಿಯಲ್ಲಿ. ಎಂಜಿನಿಯರ್ ನೋಡಿ ಸಾಧ್ಯವೇ ಇಲ್ಲ ಎಂದರು. ನೆಲಮಹಡಿಯಲ್ಲಿ ಖಾಲಿ ಇದ್ದದ್ದು ರಸಾಯನಶಾಸ್ತ್ರದವರ ಹಳೆಯ ಸ್ಟೋರ್ ರೂಮ್ ಮಾತ್ರ. ಅದನ್ನು ಬಿಡಿಸಿಕೊಂಡೆವು. ಆ ಕೋಣೆಗೆ ಆಮೇಲೆ ಬರುತ್ತೇನೆ.

ಡಿಟೆಕ್ಟರ್ 2025ರ ಜನವರಿಯಲ್ಲಿ ಬಂತು. ಅದನ್ನು ಸದಾ ದ್ರವ ಸಾರಜನಕದಲ್ಲಿ ತಣ್ಣಗಿಡಬೇಕು. ಹತ್ತಿರದಲ್ಲಿ ಸರಬರಾಜುದಾರರೇ ಇಲ್ಲ ಎಂದು ಚಿಂತೆಯಲ್ಲಿದ್ದಾಗ ದಾರಿ ತೋರಿಸಿದ್ದು ನಮ್ಮ ಅಟೆಂಡರ್. ಅವರ ಮನೆಯಲ್ಲಿ ಎರಡು ಹಸು ಇವೆ. ಕೃತಕ ಗರ್ಭಧಾರಣೆಯ ವೀರ್ಯದ ಕಡ್ಡಿಗಳನ್ನು ಇಡುವುದು ದ್ರವ ಸಾರಜನಕದಲ್ಲೇ ಅಲ್ವಾ, ಪಶು ವೈದ್ಯರನ್ನು ಕೇಳಿ ಸಾರ್ ಎಂದರು. ಅವರಿಗೆ ತಲುಪಿಸುವ ಗಾಡಿಯೇ ಈಗ ನಮಗೂ ಕೊಟ್ಟು ಹೋಗುತ್ತದೆ. ಮೂವತ್ತು ಲೀಟರ್ ಪಾತ್ರೆ, ದಿನಕ್ಕೆ ಎರಡು ಲೀಟರ್‌ನಷ್ಟು ಆವಿಯಾಗುತ್ತದೆ. ಪ್ರತಿ ಶನಿವಾರ ತುಂಬಿಸುತ್ತೇವೆ. ಹೊಸಬರಿಗೆ ಒಂದು ಎಚ್ಚರಿಕೆ: ಡಿಟೆಕ್ಟರ್ ಅರ್ಧ ಬೆಚ್ಚಗಾದರೆ ಗಾಬರಿಯಿಂದ ಕೂಡಲೇ ಸಾರಜನಕ ಸುರಿಯಬೇಡಿ. ಪೂರ್ತಿ ಕೋಣೆಯ ಬಿಸಿಗೆ ಬರಲು ಬಿಟ್ಟು, ಆಮೇಲೆ ತಣಿಸಿ.

ಹೋಲಿಕೆಗೆ ಬೇಕಾದ ಪ್ರಮಾಣಿತ ಸ್ಯಾಂಪಲ್‌ಗಳನ್ನು ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯಿಂದ ತರಿಸಿದೆವು. ಆರ್‌ಜಿಯು-1 ಎಂಬುದು ಯುರೇನಿಯಂ ಅದಿರು ಬೆರೆಸಿದ ಪುಡಿ. ಅದರ ವಿಕಿರಣ ಗ್ರಾಂಗೆ ಸುಮಾರು 5 ಬೆಕರೆಲ್ ಅಷ್ಟೇ, ಬಹಳ ಕಡಿಮೆ. ಆದರೆ ಇನ್‌ವಾಯ್ಸ್‌ನಲ್ಲಿ ಯುರೇನಿಯಂ ಎಂಬ ಪದ ಇತ್ತು. ಪೊಟ್ಟಣ 23 ದಿನ ವಿಮಾನ ನಿಲ್ದಾಣದಲ್ಲಿ ನಿಂತಿತು, 11,400 ರೂಪಾಯಿ ಗೋದಾಮು ಬಾಡಿಗೆ ಕಟ್ಟಿದೆ. ಅದನ್ನು ಯೋಜನೆಯ ಯಾವ ಲೆಕ್ಕಶೀರ್ಷಿಕೆಯಲ್ಲೂ ತೋರಿಸಲು ಬರುವುದಿಲ್ಲ. ತಡೆದ ಅಧಿಕಾರಿಯ ಮೇಲೆ ನನಗೆ ಸಿಟ್ಟಿಲ್ಲ, ಅವರು ತಡೆಯಲೇಬೇಕು. ತರಿಸುವ ಮೊದಲೇ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಗೆ ಬರೆದು ಕೇಳಿ, ಉತ್ತರದ ಪ್ರತಿಯನ್ನು ಪೊಟ್ಟಣದ ಕಾಗದಗಳ ಜೊತೆ ಇರಿಸಿ.

ಈಗ ಆ ಸ್ಟೋರ್ ರೂಮಿನ ಮಾತು. ಖಾಲಿ ಮಾಡುವಾಗ ಕೆಳಗಿನ ಕಪಾಟಿನಲ್ಲಿ ಒಂದು ಕಂದು ಬಾಟಲಿ ಸಿಕ್ಕಿತು. ಲೇಬಲ್ ಗೆದ್ದಲು ತಿಂದು ಅರ್ಧ ಹೋಗಿತ್ತು. ಒಳಗೆ ಹಳದಿ ಹರಳು. ನನ್ನ ವಿದ್ಯಾರ್ಥಿನಿ ವಿಕಿರಣ ಅಳೆಯುವ ಸರ್ವೇ ಮೀಟರನ್ನು ಅದರ ಹತ್ತಿರ ಹಿಡಿದಳು, ಮುಳ್ಳು ಎದ್ದಿತು. ಹಿಂದಿನ ಕಾಲದಲ್ಲಿ ಸೋಡಿಯಂ ಪರೀಕ್ಷೆಗೆ ಯುರೇನಿಲ್ ಅಸಿಟೇಟ್ ಎಂಬ ಯುರೇನಿಯಂ ಲವಣ ಬಳಸುತ್ತಿದ್ದರು. ಅದು ಅಲ್ಲಿ ಎಷ್ಟು ದಶಕದಿಂದ ಇತ್ತೋ ಯಾರಿಗೂ ನೆನಪಿಲ್ಲ. ಆ ಕೋಣೆಗೆ ಒಂದೇ ಬೀಗ, ಅದರ ಕೀಲಿ ಕಾರಿಡಾರಿನ ಮೊಳೆಯಲ್ಲಿ ನೇತಾಡುತ್ತಿತ್ತು.

ನಾನು ಮಾಯಾಪುರಿಯ ಬಗ್ಗೆ ಮುಂಬೈನಲ್ಲಿ ಮಾತಾಡಿ ಬಂದವನು. ಬಾಟಲಿಯ ಅಪಾಯ ಕೋಬಾಲ್ಟ್‌ಗೆ ಹೋಲಿಸಿದರೆ ಏನೂ ಅಲ್ಲ. ಆದರೂ ಆ ಮೊಳೆ ನೋಡಿ ನನ್ನ ಕೈ ನಡುಗಿತು. ಮುಂದಿನ ಬೇಸಿಗೆಯಲ್ಲಿ ಆ ಸ್ಟೋರೂ ಹರಾಜಾಗಬಹುದಿತ್ತು. ಪ್ರಿನ್ಸಿಪಾಲರಿಗೆ ಅವತ್ತೇ ಹೇಳಿದೆವು. ಮುಚ್ಚಿಡೋಣ, ಯೋಜನೆಗೆ ತೊಂದರೆ ಆದೀತು ಎಂದು ಒಬ್ಬರು ಸಲಹೆ ಕೊಟ್ಟರು. ಅವರ ಭಯ ನನಗೆ ಅರ್ಥವಾಗುತ್ತದೆ. ಆದರೂ ನಿಯಂತ್ರಣ ಮಂಡಳಿಗೆ ತೂಕ, ಫೋಟೊ, ಮೀಟರಿನ ಅಳತೆ ಸಮೇತ ಬರೆದೆವು. ಯಾರೂ ಗದರಲಿಲ್ಲ. ಹೇಗೆ ಇಡಬೇಕು ಎಂದು ಹೇಳಿದರು, ಹಾಗೇ ಇಟ್ಟೆವು. ನಿಮ್ಮಲ್ಲೂ ಇಂಥ ಬಾಟಲಿ ಇರಬಹುದು. ಅರ್ಜಿ ಹಾಕುವ ಮೊದಲು ಒಂದು ಭಾನುವಾರ ಮೀಟರ್ ಹಿಡಿದು ನಿಮ್ಮ ಸ್ಟೋರ್ ಸುತ್ತಿ ಬನ್ನಿ.

ಎರಡು ವರ್ಷದ ಯೋಜನೆಗೆ ಹೆಚ್ಚುವರಿ ಹಣವಿಲ್ಲದೆ ಆರು ತಿಂಗಳು ಅವಧಿ ವಿಸ್ತರಣೆ ಕೇಳಿದೆವು, ಕೊಟ್ಟರು. ಅದನ್ನು ಅವಧಿ ಮುಗಿಯುವ ಮೂರು ತಿಂಗಳ ಮೊದಲೇ ಕೇಳಿ. ವರ್ಷ ವರ್ಷದ ಬಳಕೆ ಪ್ರಮಾಣಪತ್ರ, ಖರ್ಚಿನ ಪಟ್ಟಿ, ಆಡಿಟರ್ ಸಹಿಗಳನ್ನೆಲ್ಲ ಒಂದೇ ಫೈಲಿನಲ್ಲಿಟ್ಟದ್ದರಿಂದ ಕೊನೆಯ ಲೆಕ್ಕ ಬೇಗ ಮುಗಿಯಿತು. ಹೆಚ್ಚು ಹೇಳುವುದಕ್ಕೇನೂ ಇಲ್ಲ.

ನಿಯಂತ್ರಣ ಮಂಡಳಿಯ ಒಪ್ಪಿಗೆ ಬಂದ ಮೇಲೆ ಆ ಬಾಟಲಿಯನ್ನೇ ನಮ್ಮ ಮೊದಲ ನಿಜವಾದ ಸ್ಯಾಂಪಲ್ ಮಾಡಿಕೊಂಡೆವು. ಸೀಲು ಹಾಕಿ, ತೂಗಿ, ರಿಜಿಸ್ಟರಿನ ಮೊದಲ ಸಾಲು ಬರೆದು ಡಿಟೆಕ್ಟರ್ ಮೇಲೆ ಇಟ್ಟೆವು. ಒಂದು ಇಡೀ ರಾತ್ರಿ ಅಳೆಯಿತು. ಬೆಳಿಗ್ಗೆ ಆರಕ್ಕೆ ಇಬ್ಬರೂ ಬಂದೆವು. ಹೊರಗೆ ಮಳೆ. ಪರದೆಯಲ್ಲಿ 1001ರ ಗೆರೆ ನೆಟ್ಟಗೆ ನಿಂತಿತ್ತು. 609ರ ಜಾಗದಲ್ಲಿ ಕೋಣೆಯ ಹಿನ್ನೆಲೆ ಬಿಟ್ಟರೆ ಏನೂ ಇರಲಿಲ್ಲ. 185.7 ಇತ್ತು, ಆದರೆ ಇರಬೇಕಾದ್ದಕ್ಕಿಂತ ಬಹಳ ಗಿಡ್ಡ. ನಿಸರ್ಗದ ಯುರೇನಿಯಂನಲ್ಲಿ 235ರ ಪಾಲು ಶೇ. 0.72. ಇದರಲ್ಲಿ ಅದರ ಅರ್ಧವೂ ಇಲ್ಲ. ಅಂದರೆ ಎಲ್ಲೋ ದೂರದ ದೇಶದ ಕಾರ್ಖಾನೆಯಲ್ಲಿ 235 ತೆಗೆದುಕೊಂಡು ಬಿಟ್ಟ ಉಳಿಕೆ ಇದು. ಅಲ್ಲಿಂದ ಹರಳಾಗಿ, ಬಾಟಲಿಯಾಗಿ, ಹಡಗು ಹತ್ತಿ ನಮ್ಮ ಕಾಲೇಜಿನ ಕಪಾಟಿಗೆ ಬಂದಿತ್ತು.

ವಿದ್ಯಾರ್ಥಿನಿ ಎರಡು ಸಲ ಲೆಕ್ಕ ಹಾಕಿದಳು. ಆಮೇಲೆ ಒಂದು ಹೊಸ ಲೇಬಲ್ ತೆಗೆದುಕೊಂಡು ದಿನಾಂಕ, ತೂಕ, "ಯುರೇನಿಲ್ ಅಸಿಟೇಟ್, 235 ಕಡಿಮೆಯಾದ ಯುರೇನಿಯಂ" ಎಂದು ಬರೆದಳು. ಇಬ್ಬರೂ ಸಹಿ ಹಾಕಿದೆವು. ಬಾಟಲಿ ಈಗ ಎರಡು ಬೀಗದ ಕಪಾಟಿನಲ್ಲಿದೆ. ಒಂದು ಕೀಲಿ ನನ್ನ ಹತ್ತಿರ, ಇನ್ನೊಂದು ಪ್ರಿನ್ಸಿಪಾಲರ ಹತ್ತಿರ. ಕಾರಿಡಾರಿನ ಆ ಮೊಳೆಯನ್ನು ಅಟೆಂಡರ್ ಕಿತ್ತು ಹಾಕಿದ್ದಾರೆ.